ನಿಸ್ತಂತು ಜಾಲದ ಕೀಲಿ

(ಸಂಘದ ವಾರ್ಷಿಕೋತ್ಸವದ ನಿಮಿತ್ತ ಉಟಗಿಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ಉತ್ಸವದಲ್ಲಿ ಕನ್ನಡ ಪಂಡಿತನೊಬ್ಬನನ್ನು ಮಾತಿಗೆ ಕರೆದರೆ, ಅವನು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವನೆಂದು ಸಭೆಯು ನಿರೀಕ್ಷಿಸುವದು ಸಹಜವಾಗಿದೆ. ಇಂದು ನಾನು ಆ ರೂಢಿಯನ್ನು ಬದಿಗಿಟ್ಟು, ಲ್ಯಾಪ್‌ಟಾಪಿನ ಮಾತನ್ನು ಎತ್ತಿಕೊಂಡಿದ್ದೇನೆ. ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯನ್ನು ಹಾಕಿದ ಲ್ಯಾಪ್‌ಟಾಪಿಗೆ ವೈಫೈಯನ್ನು, ಅಂದರೆ ತಂತಿಯಿಲ್ಲದ ಜಾಲವನ್ನು, ಹೊಂದಿಸಿಕೊಳ್ಳುವದು ಹೇಗೆ ಎಂಬುದೇ ನನ್ನ ವಿಷಯ. ಒಣ ವಿಷಯವೆಂದು ತಾಯಂದಿರು ಎದ್ದು ಹೋಗಬಾರದೆಂದು ಮೊದಲೇ ವಿನಂತಿಸಿಕೊಳ್ಳುತ್ತೇನೆ. ಈ ಸಣ್ಣ ವಿದ್ಯೆಯು ನಮ್ಮ ಮಕ್ಕಳ ಓದಿಗೂ ನಮ್ಮ ನುಡಿಯ ಬಾಳಿಗೂ ಎಷ್ಟು ಹತ್ತಿರದ್ದೆಂಬುದನ್ನು ತೋರಿಸಿಕೊಡಬೇಕೆಂಬುದೇ ನನ್ನ ಉದ್ದೇಶ.

ಇಂದಿನ ಶಾಲೆಯ ಸ್ಥಿತಿಯನ್ನು ನೀವೆಲ್ಲ ಬಲ್ಲಿರಿ. ವಿದ್ಯಾರ್ಥಿವೇತನದ ಅರ್ಜಿ, ಹತ್ತನೆಯ ಇಯತ್ತೆಯ ಫಲಿತಾಂಶ, ಮುಂದಿನ ಶಿಕ್ಷಣದ ಪ್ರವೇಶ, ಇವೆಲ್ಲ ಅಂತರ್ಜಾಲದ ಮೂಲಕವೇ ನಡೆಯುತ್ತಿವೆ. ನಮ್ಮ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಪ್ರಕಟಿಸುವ ಪುಣೆಯ ಬಾಲಭಾರತಿ ಸಂಸ್ಥೆಯು, 1967ರಲ್ಲಿ ಸ್ಥಾಪಿತವಾದದ್ದು, ಇಂದು ಆ ಪುಸ್ತಕಗಳನ್ನು ಜಾಲದ ಮೇಲೆಯೂ ಉಚಿತವಾಗಿ ಇಟ್ಟಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಅಲ್ಲಿಯೇ ಇದೆ. ವಚನ ಸಂಚಯವೆಂಬ ತಾಣದಲ್ಲಿ ಶರಣರ 20,000ಕ್ಕೂ ಮಿಕ್ಕ ವಚನಗಳು ಸಿಗುತ್ತವೆ. ಒಂದು ಶಬ್ದವನ್ನು ಬರೆದರೆ ಸಾಕು, ಆ ಶಬ್ದವು ಯಾರ ಯಾರ ವಚನಗಳಲ್ಲಿ ಬಂದಿರುವದೆಂಬುದನ್ನು ಕ್ಷಣಾರ್ಧದಲ್ಲಿ ತೆರೆದು ತೋರಿಸುವದು. ನಾನು ವಿದ್ವಾನ್ ಪರೀಕ್ಷೆಗೆ ಓದುವಾಗ ಇಂಥದೊಂದು ಸೌಕರ್ಯವಿದ್ದಿದ್ದರೆ, ಎಷ್ಟೋ ಸಲ ವಿಜಯಪುರಕ್ಕೂ ಧಾರವಾಡಕ್ಕೂ ಅಲೆಯುವದು ತಪ್ಪುತ್ತಿತ್ತು. ಗಡಿಯ ಹಳ್ಳಿಯಲ್ಲಿ ಕುಳಿತ ಕನ್ನಡದ ಹುಡುಗನಿಗೆ ಇಷ್ಟು ದೊಡ್ಡ ಗ್ರಂಥಭಂಡಾರವು ಹಿಂದೆಂದೂ ದೊರೆತಿರಲಿಲ್ಲ. ಆದರೆ ಅದರ ಬಾಗಿಲು ತೆರೆಯಬೇಕಾದರೆ ಮನೆಯಲ್ಲಿ ಒಂದು ಯಂತ್ರವಿರಬೇಕು. ಆ ಯಂತ್ರವು ಜಾಲವನ್ನು ಮುಟ್ಟಬೇಕು.

ಯಂತ್ರವೇನೋ ಇತ್ತೀಚೆಗೆ ಹಲವು ಮನೆಗಳಿಗೆ ಬರತೊಡಗಿದೆ. ಪುಣೆ ಮುಂಬಯಿಗಳಲ್ಲಿ ದುಡಿಯುವ ನಮ್ಮ ಮಕ್ಕಳು, ತಾವು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ತಮ್ಮಂದಿರಿಗೆ ತಂಗಿಯರಿಗೆ ತಂದುಕೊಡುತ್ತಿರುವರು. 2025ರ ಅಕ್ಟೋಬರ 14ಕ್ಕೆ ವಿಂಡೋಸ್ 10 ಎಂಬ ವ್ಯವಸ್ಥೆಗೆ ಅದರ ಕಂಪನಿಯವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ನಿಂತಿತು. ಅದರ ಮುಂದಿನ ಆವೃತ್ತಿಯನ್ನು ಹೊರಲಾರದ ಹಳೆಯ ಯಂತ್ರಗಳು ಕೈಕಾಲು ಗಟ್ಟಿಯಿದ್ದೂ ಮೂಲೆಗೆ ಬೀಳುವ ಹೊತ್ತು ಬಂದಿತು. ಅಂಥ ಯಂತ್ರಗಳಲ್ಲಿ ಬಹಳಷ್ಟಕ್ಕೆ ಲಿನಕ್ಸ್ ಹಾಕಿದರೆ ಮತ್ತೆ ಕೆಲವು ವರ್ಷ ಚೆನ್ನಾಗಿ ದುಡಿಯುತ್ತವೆ. ಅದಕ್ಕೆ ಹಣವನ್ನೂ ಕೊಡಬೇಕಾಗಿಲ್ಲ. ಹೀಗೆ ಎಲ್ಲವೂ ಸರಿಹೋಯಿತೆನ್ನುವಷ್ಟರಲ್ಲಿ ಕೆಲವು ಯಂತ್ರಗಳಲ್ಲಿ ವೈಫೈ ಮಾತ್ರ ಏಳುವದಿಲ್ಲ. ಮನೆಯ ತುಂಬ ಕಾಳುಕಡಿಯಿದ್ದು ಬಾಗಿಲಿಗೆ ಬೀಗ ಬಿದ್ದಂತೆ ಆಗುವದು. ಆ ಬೀಗದ ಕೀಲಿಯ ಸಂಗತಿಯನ್ನೇ ಇಂದು ಹೇಳಬೇಕಾಗಿದೆ.

ತಂತಿಯಿಲ್ಲದೆ ನುಡಿಯು ಊರಿಂದೂರಿಗೆ ಬರುವದು ನಮ್ಮ ಹಿರಿಯರಿಗೆ ಹೊಸದೇನೂ ಅಲ್ಲ. 1895ರಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ, ಕಣ್ಣಿಗೆ ಕಾಣದ ವಿದ್ಯುತ್ತರಂಗಗಳಿಂದ ದೂರದ ಗಂಟೆಯನ್ನು ಬಾರಿಸಿ ತೋರಿಸಿದರು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. 'ಆಕಾಶವಾಣಿ' ಎಂಬ ಹೆಸರು ಭಾರತದ ಬಾನುಲಿಗೆ ಮೊದಲು ಅಂಟಿಕೊಂಡದ್ದು ಅಲ್ಲಿಯೇ. 1950ರ ಜನವರಿಯಲ್ಲಿ ಧಾರವಾಡದ ಕೇಂದ್ರವು ಆರಂಭವಾಯಿತು. ರಾಜ್ಯದ ಗಡಿಗೆರೆಗಳು ಎಲ್ಲಿಯೇ ಬಿದ್ದಿರಲಿ, ಧಾರವಾಡದ ಕನ್ನಡವು ಆ ಗೆರೆಗಳನ್ನು ದಾಟಿ ಬರುವದಕ್ಕೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಆಗ ರೇಡಿಯೊ ಇಟ್ಟುಕೊಂಡವರು ಅಂಚೆಯ ಕಚೇರಿಯಲ್ಲಿ ಲೈಸೆನ್ಸಿನ ಹಣವನ್ನು ತುಂಬಬೇಕಾಗುತ್ತಿದ್ದುದನ್ನು ಇಲ್ಲಿರುವ ಅಜ್ಜಂದಿರು ಮರೆತಿರಲಾರರು.

ವೈಫೈಯೂ ಆ ಬಾನುಲಿಯ ತಮ್ಮನೇ. ಅದರ ಮೊದಲ ಜಾಗತಿಕ ನಿಯಮಾವಳಿಯು 1997ರಲ್ಲಿ ಸಿದ್ಧವಾಯಿತು. ವೈಫೈ ಎಂಬ ಹೆಸರು 1999ರಲ್ಲಿ ಬಂದಿತು. ಅದರ ತರಂಗಗಳು ಒಂದು ಸೆಕೆಂದಿನಲ್ಲಿ ಸುಮಾರು 240 ಕೋಟಿ ಸಲ ಕಂಪಿಸುತ್ತವೆ; ಇದನ್ನೇ 2.4 ಗಿಗಾಹರ್ಟ್ಸ್ ಎನ್ನುವರು. ಅವುಗಳ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರು, ಅಂದರೆ ಅರ್ಧ ಗೇಣು. 5 ಗಿಗಾಹರ್ಟ್ಸಿನ ಇನ್ನೊಂದು ಪಟ್ಟಿಯೂ ಉಂಟು. 2005ರ ಜನವರಿಯಲ್ಲಿ ಭಾರತ ಸರಕಾರವು, ಕಡಿಮೆ ಶಕ್ತಿಯ ಉಪಕರಣಗಳಿಗಾಗಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸಿನಿಂದ ಮುಕ್ತಮಾಡಿತು. ಅಂದಿನಿಂದ ಬಡವನ ಮನೆಯ ಗೂಡಿನಲ್ಲಿಯೂ ಒಂದು ಸಣ್ಣ ಪ್ರೇಷಕ ಯಂತ್ರವನ್ನು ಇಟ್ಟುಕೊಳ್ಳಬಹುದಾಗಿದೆ. ಬಾನುಲಿಗೂ ಇದಕ್ಕೂ ಇರುವ ದೊಡ್ಡ ಭೇದವೆಂದರೆ, ಅದನ್ನು ನಾವು ಕೇಳಬಹುದಾಗಿತ್ತು, ಅದಕ್ಕೆ ಉತ್ತರ ಕೊಡಬರುತ್ತಿರಲಿಲ್ಲ. ಈ ಜಾಲದಲ್ಲಾದರೋ ಉಟಗಿಯ ಹುಡುಗಿಯು ಕೇಳುವಳು, ಕೇಳಿದ್ದಕ್ಕೆ ಪ್ರತಿಯಾಗಿ ತಾನೂ ಬರೆಯುವಳು.

ಇನ್ನು ಮುಕ್ತ ತಂತ್ರಾಂಶವೆಂದರೇನು? 1983ರಲ್ಲಿ ಅಮೇರಿಕೆಯ ರಿಚರ್ಡ್ ಸ್ಟಾಲ್ಮನ್ ಎಂಬವರು, ಯಂತ್ರವನ್ನು ನಡೆಸುವ ತಂತ್ರಾಂಶವನ್ನು ಯಾರು ಬೇಕಾದರೂ ಓದುವ, ತಿದ್ದುವ, ಹಂಚುವ ಹಕ್ಕು ಇರಬೇಕೆಂದು ಸಾರಿ ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ತರುಣನು ಲಿನಕ್ಸಿನ ತಿರುಳನ್ನು ಬರೆದು ಲೋಕಕ್ಕೆ ಕೊಟ್ಟನು. 1993ರಲ್ಲಿ ಡೆಬಿಯನ್, 2004ರಲ್ಲಿ ಉಬುಂಟು ಎಂಬ ವ್ಯವಸ್ಥೆಗಳು ಈ ತಿರುಳಿನ ಮೇಲೆಯೇ ಕಟ್ಟಲ್ಪಟ್ಟವು. ಉಬುಂಟು ಎಂಬುದು ಆಫ್ರಿಕಾ ಖಂಡದ ಭಾಷೆಯ ಶಬ್ದ. ಮಾನವೀಯತೆ ಎಂದು ಅದರ ಅರ್ಥ.

ಕನ್ನಡದವರಾದ ನಮಗೆ ಈ ತತ್ತ್ವವು ಅಪರಿಚಿತವಾಗಿ ತೋರಬಾರದು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಮಾಡಿದ್ದೇನು? ಕನ್ನಡದ ಒಳಗಣ ಕಟ್ಟನ್ನು ಬಿಚ್ಚಿ, ಸಂಧಿ ಎಲ್ಲಿ ಆಗುವದು, ಪ್ರತ್ಯಯವು ಎಲ್ಲಿ ಹತ್ತುವದು ಎಂಬುದನ್ನು ಸೂತ್ರ ಸೂತ್ರವಾಗಿ ಜೋಡಿಸಿ ಇಟ್ಟನು. ಓದಿದವನು ತಪ್ಪನ್ನು ತಾನೇ ಕಂಡುಹಿಡಿಯಬಲ್ಲನು, ತಾನೇ ತಿದ್ದಿಕೊಳ್ಳಬಲ್ಲನು. ಮುಕ್ತ ತಂತ್ರಾಂಶವೂ ಹಾಗೆಯೇ ತನ್ನ ವ್ಯಾಕರಣವನ್ನು ತೆರೆದಿಟ್ಟ ಯಂತ್ರನುಡಿ. ನಮ್ಮ ಬರದ ಸೀಮೆಯ ಇನ್ನೊಂದು ಉಪಮೆಯನ್ನು ಕೊಡುವದಾದರೆ, ಅದು ದಾರಿಯ ಬದಿಯ ಅರವಟ್ಟಿಗೆ. ಬಾಯಾರಿದವನು ಕುಡಿಯಬಹುದು, ಕುಡಿದವನು ಮತ್ತೆ ಒಂದು ಕೊಡ ನೀರನ್ನು ತಂದು ಸುರಿದರೆ ಅದು ನಡೆಯುತ್ತಿರುವದು.

ಈಗ ಕೆಲಸದ ಮಾತಿಗೆ ಬರುವೆನು. ವೈಫೈ ಏಳದಿದ್ದಾಗ ಕಂಡ ಕಂಡ ಗುಂಡಿಯನ್ನು ಒತ್ತುತ್ತ ಹೋಗಬಾರದು. ವ್ಯಾಕರಣದಲ್ಲಿ ಮೊದಲು ಪ್ರಕೃತಿ, ಆಮೇಲೆ ಪ್ರತ್ಯಯ ಎಂದು ನೋಡುವಂತೆ, ಇಲ್ಲಿಯೂ ಕ್ರಮವಾಗಿ ಆರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಒಂದರ ಉತ್ತರ ಸಿಕ್ಕ ಮೇಲೆಯೇ ಇನ್ನೊಂದಕ್ಕೆ ಹೋಗತಕ್ಕದ್ದು.

ಮೊದಲನೆಯ ಪ್ರಶ್ನೆ: ಯಂತ್ರದಲ್ಲಿ ವೈಫೈ ಕಾರ್ಡು ಇದೆಯೆ, ಇದ್ದರೆ ಯಾರು ಮಾಡಿದ್ದು? ಲ್ಯಾಪ್‌ಟಾಪಿನ ಹೊರಗೆ ಬರೆದ ಹೆಸರು ಒಂದಾದರೆ, ಒಳಗಿನ ಕಾರ್ಡಿನ ಹೆಸರು ಬೇರೊಂದಾಗಿರುವದು. ಇಂಟೆಲ್, ರಿಯಲ್‌ಟೆಕ್, ಅಥೆರಾಸ್, ಬ್ರಾಡ್‌ಕಾಮ್ ಇವು ಹಳೆಯ ಯಂತ್ರಗಳಲ್ಲಿ ಹೆಚ್ಚಾಗಿ ಸಿಗುವ ಹೆಸರುಗಳು. ಲಿನಕ್ಸಿನಲ್ಲಿ ಟರ್ಮಿನಲ್ ಎಂಬ ಬರೆಯುವ ಕಿಟಕಿಯಿದೆ. ಅಲ್ಲಿ ಎಲ್, ಎಸ್, ಪಿ, ಸಿ, ಐ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಸಣ್ಣ ಲಿಪಿಯಲ್ಲಿ ಕೂಡಿಸಿ ಬರೆದರೆ, ಯಂತ್ರವು ತನ್ನ ಒಡಲಿನ ಅಂಗಾಂಗಗಳ ಪಟ್ಟಿಯನ್ನು ಕೊಡುವದು. ನೆಟ್‌ವರ್ಕ್ ಎಂದಿರುವ ಸಾಲಿನಲ್ಲಿ ಕಾರ್ಡಿನ ಕುಲಗೋತ್ರವನ್ನು ಓದಿ ಬರೆದಿಟ್ಟುಕೊಳ್ಳಬೇಕು. ವೈದ್ಯನಿಗೆ ನಾಡಿಯಿದ್ದಂತೆ ನಮಗೆ ಈ ಹೆಸರು.

ಎರಡನೆಯ ಪ್ರಶ್ನೆ: ಆ ಕಾರ್ಡಿಗೆ ತಕ್ಕ ಡ್ರೈವರ್ ಇದೆಯೆ? ಡ್ರೈವರ್ ಎಂದರೆ ಕಾರ್ಡಿಗೂ ಕಾರ್ಯವ್ಯವಸ್ಥೆಗೂ ನಡುವೆ ನಿಂತ ದುಭಾಷಿ. ಮರಾಠಿಯ ಅರ್ಜಿಯನ್ನು ಕನ್ನಡದ ಮುದುಕನಿಗೆ ಓದಿ ಹೇಳುವ ಹುಡುಗನಂತೆ ಅದು ಇಬ್ಬರ ಮಾತನ್ನೂ ಬಲ್ಲದು. ಲಿನಕ್ಸಿನಲ್ಲಿ ಬಹುತೇಕ ಡ್ರೈವರುಗಳು ತಿರುಳಿನ ಸಂಗಡವೇ ಬರುತ್ತವೆ. ಹಿಂದೆ ಕೆಲವು ಕಂಪನಿಗಳು ತಮ್ಮ ಕಾರ್ಡಿನ ಮರ್ಮವನ್ನು ಹೇಳುತ್ತಿರಲಿಲ್ಲವಾದ್ದರಿಂದ, ಸ್ವಯಂಸೇವಕರು ಕಾರ್ಡಿನ ನಡತೆಯನ್ನು ನೋಡಿ ನೋಡಿಯೇ ಡ್ರೈವರನ್ನು ಬರೆಯಬೇಕಾಗುತ್ತಿತ್ತು. 2010ರಲ್ಲಿ ಬ್ರಾಡ್‌ಕಾಮ್ ಕಂಪನಿಯು ತನ್ನ ಕೆಲವು ಹೊಸ ಕಾರ್ಡುಗಳಿಗೆ ಮುಕ್ತ ಡ್ರೈವರನ್ನು ತಾನೇ ಬಿಡುಗಡೆ ಮಾಡಿದ ಮೇಲೆ ದಾರಿಯು ಮತ್ತಷ್ಟು ಸುಗಮವಾಯಿತು.

ಮೂರನೆಯ ಪ್ರಶ್ನೆ: ಫರ್ಮ್‌ವೇರ್ ಇದೆಯೆ? ಹೆಚ್ಚಿನವರು ಎಡವುವದು ಇಲ್ಲಿಯೇ. ಕಾರ್ಡಿನಲ್ಲಿಯೂ ಒಂದು ಪುಟ್ಟ ಮಿದುಳು ಇರುವದು. ಯಂತ್ರವು ಹೊತ್ತಿದೊಡನೆ ಆ ಮಿದುಳಿಗೆ ಒಂದು ಪುಟ್ಟ ತಂತ್ರಾಂಶವನ್ನು ತುಂಬಬೇಕಾಗುವದು. ಅದೇ ಫರ್ಮ್‌ವೇರ್. ಅನೇಕ ಕಂಪನಿಗಳು ಇದನ್ನು ಹಂಚಲು ಒಪ್ಪುತ್ತವೆ, ಬಿಚ್ಚಿ ತೋರಿಸಲು ಒಪ್ಪುವದಿಲ್ಲ. ಎಲ್ಲವೂ ತೆರೆದಿರಬೇಕೆಂಬ ನೇಮವನ್ನು ಹಿಡಿದ ಡೆಬಿಯನ್ನಿನವರು, ಈ ಕಾರಣದಿಂದ ಬಹುಕಾಲ ಅದನ್ನು ತಮ್ಮ ಅಧಿಕೃತ ಸ್ಥಾಪನಾ ಪ್ರತಿಯಲ್ಲಿ ಸೇರಿಸಲಿಲ್ಲ. ಅದರ ಪರಿಣಾಮವೋ ವಿಚಿತ್ರ. ವೈಫೈ ಏಳಬೇಕಾದರೆ ಫರ್ಮ್‌ವೇರ್ ಬೇಕು. ಫರ್ಮ್‌ವೇರನ್ನು ತರಬೇಕಾದರೆ ಜಾಲ ಬೇಕು. ಜಾಲಕ್ಕೆ ವೈಫೈ ಬೇಕು. ಕೀಲಿಯನ್ನು ಒಳಗಿಟ್ಟು ಬಾಗಿಲಿಗೆ ಬೀಗ ಜಡಿದಂತೆ. 2022ರಲ್ಲಿ ಆ ಬಳಗದವರು ಲೋಕದ ಎಲ್ಲ ಕಡೆಯಿಂದ ಮತ ಹಾಕಿ, ತತ್ತ್ವದ ಸಂಗಡ ಬಳಸುವವರ ಕಷ್ಟವನ್ನೂ ನೋಡಬೇಕೆಂದು ನಿರ್ಣಯಿಸಿದರು. 2023ರ ಜೂನಿನಲ್ಲಿ ಬಂದ ಹನ್ನೆರಡನೆಯ ಆವೃತ್ತಿಯಲ್ಲಿ ಫರ್ಮ್‌ವೇರು ಸಂಗಡವೇ ಬಂದಿತು. ಹಳೆಯ ಆವೃತ್ತಿಯನ್ನು ಹಾಕಿದವರಿಗೂ, ಪಟ್ಟಿಯಲ್ಲಿ ಸೇರದ ಕೆಲವು ಕಾರ್ಡುಗಳಿಗೂ ಆ ತೊಡಕು ಇಂದಿಗೂ ಬರುವದುಂಟು.

ಅದಕ್ಕೆ ಉಪಾಯವು ನಿಮ್ಮೆಲ್ಲರ ಜೇಬಿನಲ್ಲಿಯೇ ಇದೆ. ಮೊಬೈಲನ್ನು ಚಾರ್ಜಿಂಗಿನ ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನ ಸೆಟ್ಟಿಂಗಿನಲ್ಲಿ ಹಾಟ್‌ಸ್ಪಾಟ್ ಇರುವ ಕಡೆ ಯುಎಸ್‌ಬಿ ಟೆಥರಿಂಗ್ ಎಂಬುದನ್ನು ಒತ್ತಬೇಕು. ಲಿನಕ್ಸು ಅದನ್ನು ತಂತಿಯ ಜಾಲವೆಂದೇ ಬಗೆದು ಒಡನೆ ಹಿಡಿದುಕೊಳ್ಳುವದು. ಆ ತಂತಿಯ ದಾರಿಯಿಂದ ಬೇಕಾದ ಫರ್ಮ್‌ವೇರನ್ನು ತರಿಸಿ, ಯಂತ್ರವನ್ನು ಒಮ್ಮೆ ನಿಲ್ಲಿಸಿ ಹೊತ್ತಿಸಿದರೆ ವೈಫೈ ಕಣ್ಣು ತೆರೆಯುವದು. ಉಬುಂಟುವಿನಲ್ಲಿ ಹೆಚ್ಚುವರಿ ಡ್ರೈವರುಗಳನ್ನು ಹುಡುಕುವ ಕಿಟಕಿಯೇ ಬೇರೆಯಿದೆ. ಅದು ಕಾರ್ಡನ್ನು ಗುರುತಿಸಿ, ಬೇಕಾದದ್ದನ್ನು ತಾನೇ ಸೂಚಿಸುವದು. ಕೇಬಲ್ ಮಾತ್ರ ಬರೇ ಚಾರ್ಜಿಗಾಗಿ ಮಾಡಿದ ಅಗ್ಗದ್ದಾಗಿರಬಾರದು, ಮಾಹಿತಿಯೂ ಹರಿಯುವಂಥದಾಗಿರಬೇಕು.

ಇಲ್ಲಿ ಒಂದು ನಡೆದ ಸಂಗತಿಯನ್ನು ಹೇಳುವೆನು. ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆತಾಯಿಗಳು ಕಬ್ಬಿನ ಹಂಗಾಮಿಗೆ ಪಶ್ಚಿಮದ ಕಡೆಗೆ ಹೋಗುವವರು. ಆ ದಿನಗಳಲ್ಲಿ ಹುಡುಗಿಯೂ ಅವಳ ಅಜ್ಜಿಯೂ ಇಬ್ಬರೇ ಮನೆಯಲ್ಲಿ. ಪುಣೆಯಿಂದ ಅವಳ ಅಣ್ಣನು ಹಳೆಯ ಲ್ಯಾಪ್‌ಟಾಪನ್ನು ತಂದುಕೊಟ್ಟಿದ್ದನು. ಯಾರೋ ಸ್ನೇಹಿತರು ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದರು. ವೈಫೈ ಮಾತ್ರ ಏಳಲಿಲ್ಲ. ದುರಸ್ತಿಯ ಅಂಗಡಿಯೊಂದಕ್ಕೆ ಒಯ್ದರೆ, "ಇದು ಹಳೇ ಮಾಲು, ಇನ್ನ ನಡಿಯೂದಿಲ್ಲ, ಹೊಸಾದು ತೊಗೋರಿ" ಎಂಬ ಉತ್ತರ ಸಿಕ್ಕಿತು. ಮರುದಿನ ಹುಡುಗಿಯು ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಶಾಲೆಗೆ ಬಂದು, "ಸರ, ಇದು ಖರೇನ ಕೆಟ್ಟೈತೇನ್ರಿ?" ಎಂದು ಕೇಳಿದಳು. ಸಂಜೆ ಶಾಲೆ ಬಿಟ್ಟ ಮೇಲೆ ನಾಲ್ಕು ಮಕ್ಕಳು ಕೂಡಿ ಕುಳಿತು ನಾನು ಈಗ ಹೇಳಿದ ಕ್ರಮದಲ್ಲಿಯೇ ಕೇಳುತ್ತ ಹೋದರು. ಕಾರ್ಡು ಇತ್ತು, ಡ್ರೈವರು ಇತ್ತು, ಫರ್ಮ್‌ವೇರು ಇರಲಿಲ್ಲ. ನನ್ನ ಮೊಬೈಲಿನ ತಂತಿಯಿಂದ ಅದನ್ನು ತರಿಸಿದೆವು. ಅರ್ಧ ಗಂಟೆಯ ಕೆಲಸ, ಒಂದು ಪೈಯ ಖರ್ಚಿಲ್ಲ. ಅಂದಿನ ರಾತ್ರಿ ಆ ಅಜ್ಜಿಯು ಕಬ್ಬಿನ ಗದ್ದೆಯ ಬದಿಯ ಕೊಪ್ಪಿಯಲ್ಲಿದ್ದ ಮಗನ ಮುಖವನ್ನು ದೊಡ್ಡ ಪರದೆಯ ಮೇಲೆ ನೋಡಿ ಮಾತನಾಡಿದಳೆಂದು ಹುಡುಗಿಯು ಮರುದಿನ ತಿಳಿಸಿದಳು. ಆ ವರ್ಷದ ವಿದ್ಯಾರ್ಥಿವೇತನದ ಅರ್ಜಿಯನ್ನು ಅವಳು ತನ್ನ ಕೈಯಿಂದಲೇ ತುಂಬಿದಳು. ಕೆಟ್ಟದ್ದು ಯಂತ್ರವಾಗಿರಲಿಲ್ಲ, ಕೊರತೆಯಾಗಿದ್ದುದು ಅರ್ಧ ಗಂಟೆಯ ತಾಳ್ಮೆ ಮತ್ತು ಅದರ ಕ್ರಮವನ್ನು ಬಲ್ಲ ಒಬ್ಬರು.

ನಾಲ್ಕನೆಯ ಪ್ರಶ್ನೆ: ವೈಫೈಯ ಸ್ವಿಚ್ಚು ಆರಿದೆಯೋ ಹೇಗೆ? ಹಳೆಯ ಲ್ಯಾಪ್‌ಟಾಪುಗಳ ಅಂಚಿನಲ್ಲಿ ವೈಫೈಯ ಒಂದು ಸಣ್ಣ ಗುಂಡಿ ಇರುವದುಂಟು. ಕೆಲವುಗಳಲ್ಲಿ ಕೀಲಿಮಣೆಯ ಮೇಲೆಯೇ ವಿಮಾನದ ಚಿತ್ರವಿದ್ದ ಕೀಲಿಯಿರುವದು. ಅದು ತಿಳಿಯದೆ ಒತ್ತಿಹೋಗಿದ್ದರೆ ಜಾಲವು ಮೌನವ್ರತ ಹಿಡಿಯುವದು. ಆರ್‌ಎಫ್‌ಕಿಲ್ ಎಂಬ ಆಜ್ಞೆಯು ಎರಡು ಬಗೆಯ ತಡೆಗಳನ್ನು ತೋರಿಸುವದು: ತಂತ್ರಾಂಶದ ತಡೆ ಮತ್ತು ಗುಂಡಿಯ ತಡೆ. ಮೊದಲನೆಯದನ್ನು ಆಜ್ಞೆಯಿಂದಲೇ ತೆಗೆಯಬಹುದು. ಎರಡನೆಯದನ್ನು ಬೆರಳಿನಿಂದಲೇ ತೆಗೆಯಬೇಕು.

ಐದನೆಯ ಪ್ರಶ್ನೆ: ನಮ್ಮ ಜಾಲದ ಹೆಸರು ಕಾಣುವದೆ, ಪಾಸ್‌ವರ್ಡ್ ಸರಿಯಿದೆಯೆ? ಪರದೆಯ ಮೂಲೆಯಲ್ಲಿರುವ ಜಾಲದ ಗುರುತನ್ನು ಒತ್ತಿದರೆ ಸುತ್ತಲಿನ ಹೆಸರುಗಳು ಕಾಣುತ್ತವೆ. ಬೇರೆ ಹೆಸರುಗಳು ಕಂಡು ನಿಮ್ಮ ಮೊಬೈಲಿನ ಹೆಸರು ಮಾತ್ರ ಕಾಣದಿದ್ದರೆ, ಆ ಮೊಬೈಲು 5 ಗಿಗಾಹರ್ಟ್ಸಿನಲ್ಲಿ ಮಾತನಾಡುತ್ತಿರಬಹುದು. ಹಳೆಯ ಕಾರ್ಡುಗಳಲ್ಲಿ ಅನೇಕವು 2.4ನ್ನು ಮಾತ್ರ ಬಲ್ಲವು. ಹಾಟ್‌ಸ್ಪಾಟಿನ ಸೆಟ್ಟಿಂಗಿನಲ್ಲಿ ಪಟ್ಟಿಯನ್ನು 2.4ಕ್ಕೆ ಬದಲಿಸಿದರೆ ಹೆಸರು ಒಡನೆ ಬರುವದು. ಕನ್ನಡಿಗರು ಇನ್ನೊಂದನ್ನು ಗಮನಿಸಬೇಕು. ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿಟ್ಟಿದ್ದಾಗ ಪಾಸ್‌ವರ್ಡನ್ನು ಬರೆದರೆ, ಅಕ್ಷರಗಳು ಚುಕ್ಕೆಗಳ ಹಿಂದೆ ಮರೆಯಾಗುವದರಿಂದ, ಕನ್ನಡದ ಅಕ್ಷರವು ಹೋಗುತ್ತಿರುವದು ತಿಳಿಯುವದಿಲ್ಲ. ಆಗ ಇಂಗ್ಲಿಷಿಗೆ ತಿರುಗಿಸಿಕೊಂಡೇ ಬರೆಯಬೇಕು.

ಆರನೆಯ ಪ್ರಶ್ನೆ: ಜೋಡಣೆಯಾಗಿದ್ದರೂ ತಾಣಗಳು ತೆರೆಯುವದಿಲ್ಲವೆ? ರೌಟರು ಪ್ರತಿಯೊಂದು ಯಂತ್ರಕ್ಕೂ ಒಂದು ಅಂಕೆಯ ವಿಳಾಸವನ್ನು ಕೊಡುವದು. ತಾಣದ ಹೆಸರನ್ನು ವಿಳಾಸವಾಗಿ ಹೇಳುವ ಇನ್ನೊಂದು ಸೇವೆಯೂ ಬೇಕು. ಊರಿಗೆ ಹೊಸಬನಾಗಿ ಬಂದವನಿಗೆ "ಗೌಡರ ಮನೆ ಎಲ್ಲಿ" ಎಂಬುದನ್ನು ತೋರಿಸುವ ಓಲೆಕಾರನಂತೆ. ಈ ಎರಡರಲ್ಲಿ ಒಂದು ತಪ್ಪಿದ್ದರೂ ಜೋಡಣೆಯಾದ ಹಾಗೆ ಕಂಡು ಕೆಲಸ ಸಾಗುವದಿಲ್ಲ. ಜೋಡಣೆಯನ್ನು ಕಡಿದು ಮತ್ತೆ ಜೋಡಿಸಿದರೆ, ಅಥವಾ ರೌಟರನ್ನು ಆರಿಸಿ ಹೊತ್ತಿಸಿದರೆ, ಬಹಳ ಸಲ ಸರಿಹೋಗುವದು. ಯಂತ್ರದ ದಿನಾಂಕವನ್ನೂ ನೋಡಿರಿ. ಒಳಗಿನ ನಾಣ್ಯದಂಥ ಸಣ್ಣ ಸೆಲ್ಲು ಸತ್ತಿದ್ದರೆ, ಹಳೆಯ ಯಂತ್ರವು ಹತ್ತು ಹದಿನೈದು ವರ್ಷ ಹಿಂದಿನ ಕಾಲದಲ್ಲಿಯೇ ಉಳಿದುಬಿಡುವದು. ಸುರಕ್ಷಿತ ತಾಣಗಳು ತಮ್ಮ ಪ್ರಮಾಣಪತ್ರವನ್ನು ತಾರೀಖಿನ ಮೇಲಿಂದ ತಾಳೆ ನೋಡುವದರಿಂದ, ಕಾಲ ತಪ್ಪಿದ ಯಂತ್ರಕ್ಕೆ ತೆರೆಯಲಾರವು. ದಿನಾಂಕವನ್ನು ಸರಿಪಡಿಸಿದರೆ ತಾಣಗಳು ಮತ್ತೆ ತೆರೆಯುತ್ತವೆ.

ಆರು ಪ್ರಶ್ನೆಗಳು ಮುಗಿದವು. ನಮ್ಮ ಮನೆಗಳ ವಿಷಯದಲ್ಲಿ ಒಂದೆರಡು ಮಾತು. ನಮ್ಮ ಊರುಗಳ ದಪ್ಪ ಕಲ್ಲುಗೋಡೆಗಳು ಬೇಸಗೆಯಲ್ಲಿ ತಂಪು ಕೊಡುತ್ತವೆ, ಆದರೆ ತರಂಗಗಳನ್ನು ಕುಗ್ಗಿಸುತ್ತವೆ. ತಗಡಂತೂ ಅವನ್ನು ಕನ್ನಡಿಯಂತೆ ಹಿಂದಿರುಗಿಸುವದು. ನೀರಿನ ತುಂಬಿದ ಹಂಡೆಯ ಹಿಂದೆ, ಕಬ್ಬಿಣದ ಕಪಾಟಿನ ಒಳಗೆ ರೌಟರನ್ನು ಇಡಬಾರದು. ನಡುಮನೆಯಲ್ಲಿ, ಆಳೆತ್ತರದ ಗೂಡಿನಲ್ಲಿ ಇಟ್ಟರೆ ಒಳ್ಳೆಯದು. ಗೋಡೆಗಳಾಚೆಗೆ 5ಕ್ಕಿಂತ 2.4ರ ತರಂಗವು ಹೆಚ್ಚು ದೂರ ಸಾಗುವದು. ವೇಗ ಮಾತ್ರ ಅದರದು ಕಡಿಮೆ.

ಎಚ್ಚರದ ಮಾತನ್ನೂ ಹೇಳದೆ ಮುಂದೆ ಹೋಗಲಾರೆ. ತೆರೆದ ತಂತ್ರಾಂಶವೆಂದರೆ ತೆರೆದ ಬಾಗಿಲೆಂದು ತಿಳಿಯಬಾರದು. ಬೀಗದ ರಚನೆಯು ಎಲ್ಲರಿಗೂ ತಿಳಿದಿದ್ದರೂ ಕೀಲಿಯು ಮನೆಯವರ ಬಳಿಯಲ್ಲಿಯೇ ಇರುವದು. ವೈಫೈಯ ಮೊದಲಿನ ಬೀಗವಾದ ವೆಪ್ ಎಂಬುದನ್ನು ಒಡೆಯಬಹುದೆಂದು 2001ರಲ್ಲಿಯೇ ವಿದ್ವಾಂಸರು ತೋರಿಸಿಕೊಟ್ಟರು. 2004ರಲ್ಲಿ ಬಂದ ಡಬ್ಲ್ಯುಪಿಎ 2, 2018ರಲ್ಲಿ ಬಂದ ಡಬ್ಲ್ಯುಪಿಎ 3 ಇವುಗಳಲ್ಲೊಂದನ್ನೇ ಆರಿಸಿಕೊಳ್ಳಬೇಕು. ಪಾಸ್‌ವರ್ಡ್ ಕನಿಷ್ಠ ಎಂಟು ಅಕ್ಷರಗಳದ್ದಾಗಿರಲೇಬೇಕು. ಇನ್ನೂ ಉದ್ದವಾದಷ್ಟು ಮೇಲು. ಮಗನ ಹೆಸರು, ಮೊಬೈಲಿನ ಅಂಕೆ, ಒಂದರಿಂದ ಎಂಟರವರೆಗಿನ ಎಣಿಕೆ, ಇವು ಬೀಗವಲ್ಲ, ದಾರದ ಗಂಟು. ಬ್ಯಾಂಕಿನ ಓಟಿಪಿಯನ್ನು ಎಂಥ ಸಿಹಿಮಾತಿನವನು ಕೇಳಿದರೂ ಹೇಳಬಾರದು. ಮಕ್ಕಳ ಕೈಗೆ ಜಾಲವನ್ನು ಕೊಟ್ಟ ತಂದೆತಾಯಿಗಳು, ಅವರು ಏನು ನೋಡುತ್ತಿರುವರೆಂಬುದನ್ನು ಆಗೀಗ ಬದಿಯಲ್ಲಿ ಕುಳಿತು ನೋಡಬೇಕು.

ಈ ಯಂತ್ರಕ್ಕೆ ಕನ್ನಡ ಬರುವದೇ ಎಂದು ಕೆಲವರು ಕೇಳುವರು. ಚೆನ್ನಾಗಿ ಬರುವದು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ನಮ್ಮ ಲಿಪಿಗೆ ಸ್ಥಾನ ದೊರೆತಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದ ದಾರಿಯಲ್ಲಿಯೇ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವು ಬೆಳೆಯಿತು. ಅದೇ ವಿನ್ಯಾಸವು ಲಿನಕ್ಸಿನಲ್ಲಿಯೂ ಸಿಗುವದರಿಂದ, ನುಡಿಯಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವ ತೊಂದರೆಯಿಲ್ಲ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಮುಕ್ತ ಕನ್ನಡ ಅಕ್ಷರಮಾದರಿಗಳೂ ಇವೆ. ಗ್ನೋಮ್ ಎಂಬ ಪರದೆಯ ಮಾತುಗಳಲ್ಲಿ ಬಹಳಷ್ಟನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ; ಪಾಸ್‌ವರ್ಡಿಗೆ ಅವರು 'ಗುಪ್ತಪದ' ಎಂದಿರುವರು. ತಂದದ್ದು ಸಾಲದೆಂದು ತೋರಿದರೆ ನಾವೂ ತರಬಹುದು, ಒರಟಾದ ಅನುವಾದವಿದ್ದರೆ ತಿದ್ದಿ ಕಳಿಸಬಹುದು. ಅರವಟ್ಟಿಗೆಗೆ ನಾವು ತಂದು ಸುರಿಯಬಹುದಾದ ಕೊಡ ಇದೇ. ತೆರೆದ ತಂತ್ರಾಂಶದಲ್ಲಿ ಕನ್ನಡ ಪಂಡಿತನಿಗೂ ಕೆಲಸವಿದೆ ಎಂಬುದು ನನಗೆ ಬಹಳ ಸಂತೋಷದ ಸಂಗತಿ.

ಇದು ಬರಿಯ ಕನಸೆಂದು ಭಾವಿಸಬೇಡಿರಿ. ನಮ್ಮಂಥ ಇನ್ನೊಂದು ಗಡಿನಾಡಾದ ಕಾಸರಗೋಡಿನ ಕಡೆಗೆ ನೋಡಿರಿ. 1956ರಲ್ಲಿ ಕೇರಳಕ್ಕೆ ಸೇರಿದ ಆ ಸೀಮೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ನಡೆಯುತ್ತಿವೆ. ಕೇರಳ ಸರಕಾರವು 2001ರ ಸುಮಾರಿಗೆ ಶಾಲೆಗಳ ಗಣಕ ಶಿಕ್ಷಣಕ್ಕಾಗಿ ಆರಂಭಿಸಿದ ಯೋಜನೆಯು ಕೆಲವೇ ವರ್ಷಗಳಲ್ಲಿ ಮುಕ್ತ ತಂತ್ರಾಂಶದ ದಾರಿಯನ್ನು ಹಿಡಿಯಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿಯ ಶಾಲೆಗಳ ಲ್ಯಾಪ್‌ಟಾಪುಗಳಲ್ಲಿ ಇರುವದು ಲಿನಕ್ಸೇ. ಗಣಕದ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳುಗಳ ಸಂಗಡ ಕನ್ನಡದಲ್ಲಿಯೂ ಅಚ್ಚಾಗುತ್ತವೆ. ಕನ್ನಡದಲ್ಲಿ ಓದಿಕೊಂಡೇ ಮುಕ್ತ ಕಾರ್ಯವ್ಯವಸ್ಥೆಯ ಮೇಲೆ ಕೈಪಳಗಿಸಿಕೊಂಡ ಗಡಿಯ ಮಕ್ಕಳು ಅಲ್ಲಿದ್ದಾರೆ. ಅವರಿಗೆ ಸಾಧ್ಯವಾದದ್ದು ನಮ್ಮ ಮಕ್ಕಳ ಬುದ್ಧಿಗೆ ನಿಲುಕದ್ದೇನೂ ಅಲ್ಲ.

ಆದುದರಿಂದ ಈ ಸಂಘದ ಮುಂದೆ ಒಂದು ಸಣ್ಣ ಸೂಚನೆಯನ್ನು ಇಡುವೆನು. ಊರಿನಲ್ಲಿ ಮೂಲೆಗೆ ಬಿದ್ದ ಲ್ಯಾಪ್‌ಟಾಪುಗಳನ್ನು ಸಂಘದ ಜಾಗಕ್ಕೆ ತನ್ನಿರಿ. ಎಂಟು ಒಂಬತ್ತನೆಯ ಇಯತ್ತೆಯ ನಾಲ್ಕೈದು ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ವಾರಕ್ಕೊಂದು ಸಂಜೆ ಅಲ್ಲಿ ಕುಳಿತುಕೊಳ್ಳಲಿ. ಒಂದು ದಪ್ಪ ವಹಿಯನ್ನು ಇಡೋಣ. ಯಾವ ಯಂತ್ರ, ಯಾವ ಕಾರ್ಡು, ಆರು ಪ್ರಶ್ನೆಗಳಲ್ಲಿ ಯಾವುದರಲ್ಲಿ ತಡೆಯಾಯಿತು, ಏನು ಮಾಡಿದ ಮೇಲೆ ಬಿಟ್ಟಿತು ಎಂಬುದನ್ನು ಮಕ್ಕಳು ಅದರಲ್ಲಿ ತಮ್ಮ ಕನ್ನಡದಲ್ಲಿಯೇ ಬರೆಯುತ್ತ ಹೋಗಲಿ. ಎರಡು ವರ್ಷದಲ್ಲಿ ಆ ವಹಿಯು, ಉಮದಿಯವರೂ ಜತ್ತಿನವರೂ ಕೇಳಿ ಬಂದು ಓದಿಕೊಂಡು ಹೋಗುವಂಥ ಪುಸ್ತಕವಾಗುವದು. ಕನ್ನಡದಲ್ಲಿ ಕವಿತೆ ಬರೆಯಬಹುದು, ಕೆಲಸ ಮಾಡಬರುವದಿಲ್ಲ ಎನ್ನುವವರಿಗೆ ಅದಕ್ಕಿಂತ ಒಳ್ಳೆಯ ಉತ್ತರವು ಬೇರೆ ಬೇಕಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದರೆ ಮಕ್ಕಳು ಹಿಂದೆ ಬೀಳುವರೆಂಬ ಅಂಜಿಕೆಯು ನಮ್ಮ ಅನೇಕ ಮನೆಗಳಲ್ಲಿದೆ. ಆ ಅಂಜಿಕೆಯನ್ನು ನಾನು ಹಗುರಾಗಿ ಕಾಣುವದಿಲ್ಲ. ಮಕ್ಕಳ ಅನ್ನದ ಪ್ರಶ್ನೆ ಅದರಲ್ಲಿದೆ. ಭಾಷಣಗಳಿಂದ ಅದು ಹೋಗಲಾರದು. ಕನ್ನಡ ಶಾಲೆಯ ಹುಡುಗಿಯು ಕೆಟ್ಟಿತೆಂದು ಬಿಟ್ಟ ಯಂತ್ರವನ್ನು ತಾನೇ ಏಳಿಸಿ, ಜಾಲಕ್ಕೆ ಜೋಡಿಸಿ, ನೆರೆಮನೆಯವರಿಗೂ ಜೋಡಿಸಿಕೊಟ್ಟ ದಿನ ಅದು ತಾನಾಗಿಯೇ ಕರಗುವದು. ಅಂಥ ಹುಡುಗಿಯರು ನಮ್ಮಲ್ಲಿ ಇದ್ದಾರೆ. ಅವರ ಕೈಗೆ ಯಂತ್ರವನ್ನು ಕೊಡುವದು, ಕೆಡುವದೆಂದು ಗದರಿಸದೆ ಬಿಚ್ಚಿ ನೋಡಲು ಬಿಡುವದು, ಇದಿಷ್ಟೇ ಹಿರಿಯರಾದ ನಮ್ಮ ಪಾಲಿನ ಕೆಲಸ.

 ಮನೆಯಲ್ಲಿ ಏಳದ ಯಂತ್ರವಿದ್ದವರು ಬರುವ ಶನಿವಾರ ಸಂಜೆ ಶಾಲೆಗೆ ತರಬೇಕು. ಬರುವಾಗ ಮೊಬೈಲಿನ ಕೇಬಲನ್ನೂ ಮರೆಯದೆ ತರಬೇಕು.